ಮಸುಕಪ್ಪನ ಕೊಕ್ಕರೆ

ಮಸುಕಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿಯವರು ದಯಪಾಲಿಸಿದ್ದು. ಆ ಗುಮಾಸ್ತ ತೆಗೆದ ಫೋಟೋಗಳಲ್ಲಿ ಹಕ್ಕಿ ಯಾವುದು, ಕೊಂಬೆ ಯಾವುದು ಎಂದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ಈ ಸಲ ಕಚೇರಿಯ ಕ್ಯಾಲೆಂಡರಿಗೆ ತನ್ನದೇ ಚಿತ್ರ ಹಾಕಿಸಿ ಆ ಹೆಸರನ್ನು ತೊಳೆದುಕೊಳ್ಳಬೇಕೆಂದು ಅವನು ಹಟ ತೊಟ್ಟಿದ್ದ. ಆಯ್ಕೆ ಇವತ್ತೇ ಸಂಜೆ ನಾಲ್ಕಕ್ಕೆ.

ಬೆಳಿಗ್ಗೆ ಕಚೇರಿಗೆ ಫೋನು ಮಾಡಿ, "ಜ್ವರ, ಮಧ್ಯಾಹ್ನದ ಮೇಲೆ ಬರ್ತೀನಿ" ಎಂದು ನರಳಿದ. ಆಮೇಲೆ ಹೊಸದಾಗಿ ಕೊಂಡ ಪುಟ್ಟ ಜೂಮ್ ಕ್ಯಾಮೆರಾವನ್ನು ಜೇಬಿಗೆ ಇಳಿಸಿದ.

"ದೊಡ್ಡದನ್ನೇ ತಗೊಂಡ್ಹೋಗ್ರೀ," ಎಂದಳು ಹೆಂಡತಿ. "ಅದು ಹಕ್ಕೀನ ಮಾತ್ರ ಚೊಕ್ಕವಾಗಿ ತೋರಿಸಿ ಹಿಂದಿರೋದನ್ನ ಮಸುಕು ಮಾಡತ್ತೆ. ಈ ಚಿಕ್ಕದು ಹಿಂದೆ ಮುಂದೆ ಇರೋದನ್ನೆಲ್ಲ ಬಯಲು ಮಾಡತ್ತೆ ಅಂತ ಅಂಗಡಿಯವನೇ ಹೇಳಿದನಲ್ಲ?"

"ಎಲ್ಲಾ ಕಂಡರೆ ಒಳ್ಳೇದೇ ಅಲ್ವೇನೇ? ಅಷ್ಟು ದೊಡ್ಡದನ್ನ ಹೆಗಲಿಗೆ ಹಾಕ್ಕೊಂಡ್ರೆ ಎದುರುಮನೆ ಹೆಡ್ ಕ್ಲರ್ಕು ಬಿಡ್ತಾರಾ?"

ಮಫ್ಲರ್ ಸುತ್ತಿ ಕೆಮ್ಮುತ್ತಾ ಬೀದಿಗಿಳಿದರೂ ಅವರು ಬಿಡಲಿಲ್ಲ. "ಡಾಕ್ಟರ ಹತ್ರಾನಾ? ಜೊತೆಗೆ ಬರ್ಲಾ? ಸಾಹೇಬ್ರೂ ಇಲ್ಲ, ಹೆಡ್ಡಾಫೀಸಲ್ಲಿ ಮೀಟಿಂಗಂತೆ!" ಅವರಿಂದ ತಪ್ಪಿಸಿಕೊಂಡು ಕೆರೆ ಸೇರುವಷ್ಟರಲ್ಲಿ ಅವನಿಗೆ ನಿಜವಾಗಿಯೂ ಮೈ ಬೆವೆತಿತ್ತು.

ಆಚೆ ದಡದಲ್ಲಿ ಕೊಕ್ಕರೆ ನಿಂತಿತ್ತು. ಪೂರ್ತಿ ಜೂಮ್ ಮಾಡಿದರೆ ಜ್ವರ ಬಂದಿರುವುದು ಕೊಕ್ಕರೆಗೇ ಎಂಬಂತೆ ಚಿತ್ರ ನಡುಗುತ್ತಿತ್ತು. "ಉಸಿರು ಹಿಡೀರಿ!" ಎಂದರು ವಾಕಿಂಗ್ ಬಂದ ಹಿರಿಯರೊಬ್ಬರು. ಹಿಡಿದ, ಕಣ್ಣಿಗೆ ಕತ್ತಲೆ ಕವಿದು ಒಂದು ಕಾಲು ಕೆಸರಿಗೆ ಹೋಯಿತು, ಚಪ್ಪಲಿ ಅಲ್ಲೇ ಉಳಿಯಿತು. ಕಡೆಗೆ ಕಡಲೆಕಾಯಿ ಮಾರುವವನ ಹೆಗಲ ಮೇಲೆ ಕ್ಯಾಮೆರಾ ಊರಿದ.

"ಕಚಗುಳಿ ಆಗ್ತದೆ ಸಾಮಿ!"

"ಒಂದ್ನಿಮಿಷ ನಗಬೇಡಪ್ಪಾ!"

ಕ್ಲಿಕ್. ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಅವನಿಗೆ ಕೊಕ್ಕರೆ ಬಿಟ್ಟು ಬೇರೇನೂ ಕಾಣಲಿಲ್ಲ.

ನಾಲ್ಕಕ್ಕೆ ಎಲ್ಲರೂ ಕಂಪ್ಯೂಟರಿನ ಮುಂದೆ ಸೇರಿದರು. ಮೀಟಿಂಗ್ ಮುಗಿಸಿ ಬಂದ ಸಾಹೇಬರು ಹಳದಿ ಟೈ ಸವರುತ್ತಾ ನಡುವೆ ಕೂತರು.

"ಅಬ್ಬಬ್ಬಾ! ಕೊಕ್ಕಿನ ತುದೀಲಿರೋ ನೀರಹನೀನೂ ಕಾಣತ್ತೆ!" ಎಂದಳು ಟೈಪಿಸ್ಟ್.

"ಮಸುಕಪ್ಪ ಅನ್ನೋದನ್ನ ಇವತ್ತಿಗೆ ಬಿಟ್ವಿ ಕಣ್ರೀ," ಎಂದರು ಹೆಡ್ ಕ್ಲರ್ಕ್. ಗುಮಾಸ್ತ ಎಷ್ಟು ವರ್ಷದಿಂದ ಈ ಮಾತಿಗೆ ಕಾದಿದ್ದ!

"ಇನ್ನೂ ದೊಡ್ಡದು ಮಾಡಿ ಮೇಡಂ," ಎಂದು ಉಬ್ಬಿಹೋದ.

ದೊಡ್ಡದಾಯಿತು. ಕೊಕ್ಕರೆಯ ಹಿಂದೆ ಒಂದು ಬೆಂಚು. ಬೆಂಚಿನ ಮೇಲೆ ಬೂಟು ತಲೆದಿಂಬು ಮಾಡಿಕೊಂಡು, ಬಾಯಿ ತೆರೆದು ಒಬ್ಬರು ಗಾಢ ನಿದ್ದೆಯಲ್ಲಿದ್ದರು. ಕುತ್ತಿಗೆಯಲ್ಲಿ ಹಳದಿ ಟೈ.

ಎಲ್ಲರೂ ಪರದೆ ನೋಡಿದರು, ಸಾಹೇಬರ ಕುತ್ತಿಗೆ ನೋಡಿದರು, ಆಮೇಲೆ ನೆಲ ನೋಡಿದರು.

ಸಾಹೇಬರು ಟೈಯನ್ನು ಮೆಲ್ಲಗೆ ಅಂಗಿಯೊಳಗೆ ತುರುಕಿಕೊಂಡರು. "ಚಿತ್ರ ಮಸುಕಾಗಿದೆ."

"ಸಾರ್, ನೀರಹನಿ..." ಎಂದ ಗುಮಾಸ್ತ.

"ಮಸುಕಾಗಿದೆ ಅಂದೆ. ಅಂದಹಾಗೆ, ನಿಮ್ಮ ಜ್ವರ ಹೇಗಿದೆ ಈಗ?"

ಗುಮಾಸ್ತ ಎರಡು ಸಲ ಕೆಮ್ಮಿದ. ಹೆಡ್ ಕ್ಲರ್ಕ್ ಕನ್ನಡಕ ತೆಗೆದು ಜೇಬಿನಲ್ಲಿಟ್ಟು, ಬರಿಗಣ್ಣಿನಲ್ಲಿ ಪರದೆಯನ್ನು ದಿಟ್ಟಿಸಿದರು.

"ಹೌದು ಸಾರ್, ಏನೇನೂ ಕಾಣ್ತಿಲ್ಲ. ಮುಂದಿನ ವರ್ಷ ದೊಡ್ಡ ಕ್ಯಾಮೆರಾ ತಗೊಂಡ್ಹೋಗಿ, ಮಸುಕಪ್ಪ."