ಸುಣ್ಣದ ಕಲ್ಲು ಕಾಯ್ದ ಸರ್ಕಾರಿ ಬಗೀಚೆ

ನಾಲ್ಕು ಜನ ಸೇರಿ ಊರಿಗೆ ಒಳ್ಳೆಯದು ಮಾಡಲು ಹೊರಟರೆ ನಗುವಂಥದ್ದು ಏನಾದರೊಂದು ಆಗಿಯೇ ಆಗುತ್ತದೆ. ನಮ್ಮ ಕಲಬುರಗಿಯ ಬಗೀಚೆಯಲ್ಲಂತೂ ಅದಕ್ಕೆ ಬಿಡುವೇ ಇರಲಿಲ್ಲ. ಬಗೀಚೆ ಎಂದೆನಲ್ಲ, ಆಗ ಅದು ಇನ್ನೂ ಬಗೀಚೆ ಆಗಿರಲಿಲ್ಲ. ಕೆರೆಯ ಪಕ್ಕದ ಬರಿ ಬಯಲು. ಬಯಲು ಸರ್ಕಾರದ್ದು, ಸರ್ಕಾರ ಎಂದರೆ ನಿಜಾಮರದು. ಸಂಜೆಯಾದರೆ ಹುಡುಗರು ಅಲ್ಲಿ ಚಿಣ್ಣಿದಾಂಡು ಆಡುತ್ತಿದ್ದರು, ಹಿರಿಯರು ಗಾಳಿಗೆ ಕೂಡುತ್ತಿದ್ದರು. ಅದೇ ಜಾಗದಲ್ಲಿ ಕುದುರೆ ಲಾಯ ಕಟ್ಟಿಸಬೇಕೆಂದು ಜಿಲ್ಲೆಯ ಸಾಹೇಬರಿಗೆ ಮನಸ್ಸಾಯಿತು. ನಾವು ಹೋಗಿ ಕೈಮುಗಿದೆವು.

"ಬ್ಯಾಸಗಿ ಮುಗಿಯೂದ್ರೊಳಗ ನಿಮ್ಮ ಕೈಲೇ ಹಸಿರು ಮಾಡಿ ತೋರಸ್ರಿ. ಬಗೀಚಾ ಊರಿಗಿ ಬಿಡ್ತೇನಿ. ಇಲ್ಲಂದ್ರ ಲಾಯ" ಎಂದರು ಸಾಹೇಬರು.

ನಾವು ಎಂದರೆ ನಾಲ್ವರು. ಬ್ರಹ್ಮಪುರದಲ್ಲಿ ಬೇಳೆ ವ್ಯಾಪಾರ ಮಾಡುವ ಸಾಹುಕಾರರು, ಗಾಜಿಪುರದ ಆಚಾರ್ಯರು, ಹೂ ಬೆಳೆದು ಮಾರುವ ಮಾಲಿ ಚಾಚಾ, ಮತ್ತು ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ನಾನು. ಸಂಬಳವಿಲ್ಲದ ಕೆಲಸವಾದ್ದರಿಂದ ನಾಲ್ವರೂ ಯಜಮಾನರೇ ಆಗಿದ್ದೆವು.

೧. ಮುಳ್ಳಿನ ಬೇಲಿ

ಮೊದಲು ಬೇವಿನ ಸಸಿಗಳನ್ನು ನೆಟ್ಟೆವು. ಆಡುಗಳು ಬಂದವು. ಆಡು ಚಿಗುರು ತಿನ್ನುತ್ತದೆ ಎಂದು ಹೇಳಬೇಕಾಗಿಲ್ಲ, ಆದರೂ ಹೇಳಿರುತ್ತೇನೆ. ಆಗ ಆಚಾರ್ಯರು ಜಾಲಿ ಮುಳ್ಳು ತರಿಸಿ, ತಮ್ಮ ಹಳೆಯ ಧೋತರದ ಕೆಂಪು ಅಂಚನ್ನು ಹರಿದು, ಅದರಿಂದಲೇ ಕಟ್ಟಿ ಬೇಲಿ ಮಾಡಿದರು. ಮರುದಿನ ನೋಡಿದರೆ ಬೇಲಿಯೇ ಇಲ್ಲ.

ಆಚಾರ್ಯರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಊರ ಮುಳ್ಳು ಕದ್ದವರ ಮನಿ ಒಲಿ ಉರೀಬಾರದು!" ಎಂದು ಓಣಿ ಓಣಿಯಲ್ಲಿ ಕೂಗುತ್ತಾ ಹೋದರು. ಸಮಾಧಾನ ಮಾಡಲು ನಾನೂ ಹಿಂದೆಯೇ ಅವರ ಮನೆಗೆ ಹೋದೆ. ಒಳಗೆ ಅವರ ಹೆಂಡತಿ ಬಚ್ಚಲ ಒಲೆ ಊದುತ್ತಿದ್ದರು. ಆ ಮನೆಯಲ್ಲಿ ಕನ್ನಡಕ್ಕೆ ಮರಾಠಿ ಬೆರೆಸಿ ಮಾತಾಡುತ್ತಾರೆ.

"ಅಹೋ, ಇವತ್ತ ಕಟಗಿ ಮಾರಾಕಿ ಭಾಳ ಸೋವಿ ಕೊಟ್ಟು ಹೋದ್ಳು. ಮ್ಯಾಲ ಕಟ್ಟಾಕ ಅರಿವಿ ತುಂಡೂ ಹಚ್ಚಿ ಕೊಟ್ಟಾಳ" ಎಂದರು ಆಕೆ.

ಒಲೆಯ ಬಾಯಲ್ಲಿ ಕೆಂಪು ಅಂಚು ಉರಿಯುತ್ತಿತ್ತು. ಆಚಾರ್ಯರು ಅದನ್ನು ನೋಡಿ, "ನೀರು ಕಾದಾವೇನ?" ಎಂದರು.

೨. ಕಮಲಾಪುರದ ಬಾಳೆ

ಬೇವು ಬೆಳೆಯಲು ತಡ, ಬಾಳೆ ಬೇಗ ಹಸಿರಾಗುತ್ತದೆ ಎಂದು ಸಾಹುಕಾರರು ಲೆಕ್ಕ ಹಾಕಿದರು. ಕಮಲಾಪುರದ ಕೆಂಪು ಬಾಳೆಯನ್ನು ತಿನ್ನದವರು ನಮ್ಮ ಕಡೆ ಇಲ್ಲ. ಅವರೂ ನಾನೂ ಅವರ ಚಕ್ಕಡಿ ಹೂಡಿಕೊಂಡು ಹೋದೆವು. ತೋಟದ ಗೌಡ್ತಿ ಅಜ್ಜಿ ಸಸಿಗೆ ದುಡ್ಡು ಬೇಡವೆಂದಳು. ಆದರೆ ಊಟವಿಲ್ಲದೆ ಬಿಡಲಿಲ್ಲ. ರೊಟ್ಟಿ, ಪುಂಡಿಪಲ್ಯ, ಆಮೇಲೆ ಬಾಳೆಹಣ್ಣು.

"ಸಾಕಬೇ ಯವ್ವಾ" ಎಂದರು ಸಾಹುಕಾರರು.

"ಹಣ್ಣು ತಿನ್ನಲಾರದವ್ರು ಗಿಡಾ ಹ್ಯಾಂಗ ಬೆಳಸ್ತೀರೋ? ತಿನ್ರಿ!" ಎಂದು ಅಜ್ಜಿ ಇನ್ನೊಂದು ಚಿಪ್ಪು ಇಟ್ಟಳು.

ಸಸಿ ಹೇರಿಕೊಂಡು ಹಿಂತಿರುಗುವಾಗ ದಾರಿಯ ನೆರಳಿನಲ್ಲಿ ಎತ್ತು ಬಿಚ್ಚಿ, ಸ್ವಲ್ಪ ಅಡ್ಡಾದೆವು. ಎದ್ದಾಗ ಚಕ್ಕಡಿ ಖಾಲಿ. ಎತ್ತುಗಳು ನಮ್ಮಷ್ಟೇ ನೆಮ್ಮದಿಯಿಂದ ಮೆಲುಕು ಹಾಕುತ್ತಿದ್ದವು. ಬಗೀಚೆಯಲ್ಲಿ ಗುಂಡಿ ತೋಡಿ ಕಾಯುತ್ತಿದ್ದ ಮಾಲಿ ಚಾಚಾ ಎಲ್ಲವನ್ನೂ ಕೇಳಿದ. ಆಮೇಲೆ, "ಪರವಾಗಿಲ್ಲ ಸಾಹುಕಾರ್ರ, ಎತ್ತು ಇಲ್ಲೇ ಕಟ್ರಿ. ನಾಳಿ ಅವುಗಳ ಸಗಣಿ ಗುಂಡಿಗಿ ಹಾಕ್ತೀನಿ. ಸಸಿ ಅದರೊಳಗೇ ಅದಾವಲ್ಲ" ಎಂದ.

೩. ಸುಣ್ಣದ ಕಲ್ಲು

ಇನ್ನು ಉಳಿದದ್ದು ಬೇವು ಮಾತ್ರ. ಆಡು ಬರುತ್ತಲೇ ಇದ್ದವು, ಬಿಸಿಲು ಏರುತ್ತಿತ್ತು. ಸಾಹುಕಾರರು ಒಂದು ಗುಂಡುಕಲ್ಲಿಗೆ ಸುಣ್ಣ ಬಳಿದು, ಕುಂಕುಮ ಹಚ್ಚಿ, ದೊಡ್ಡ ಸಸಿಯ ಬುಡಕ್ಕೆ ಇಟ್ಟರು. "ಇನ್ನ ಯಾರ ಆಡು ಬಿಡ್ತಾರ ನೋಡ್ತೇನಿ" ಎಂದರು.

ಆಡು ಕಾಯುವವರು ದೂರದಿಂದಲೇ ಕೈಮುಗಿದು ಆಡುಗಳನ್ನು ತಿರುಗಿಸಿಕೊಂಡು ಹೋದರು. ನಮಗೆ ಬೇಕಾಗಿದ್ದದ್ದು ಅಷ್ಟೇ. ಆದರೆ ಶುಕ್ರವಾರ ಹೆಂಗಸರು ಬಂದರು. ಹರಕೆ ಹೊತ್ತು ಒಬ್ಬೊಬ್ಬರು ಒಂದೊಂದು ಕೊಡ ನೀರು ಸುರಿದರು. ನಾವು ಬೇಗಬೇಗನೆ ಉಳಿದ ಸಸಿಗಳಿಗೂ ಒಂದೊಂದು ಕಲ್ಲು ಇಟ್ಟೆವು. ನೀರಿನ ಚಿಂತೆ ಹೋಯಿತು, ಬೇವು ಚಿಗುರಿತು.

ಒಂದು ದಿನ ಸಾಹುಕಾರರ ಹೆಂಡತಿಯೇ ಕೊಡ ಹೊತ್ತು ಬಂದರು.

"ನೀ ಯಾಕ ಬಂದಿ? ಅದು ನಾ ಇಟ್ಟ ಕಲ್ಲು!"

"ಹಂಗ ಅನಬ್ಯಾಡ್ರಿ. ಭಾಳ ಜಾಗೃತ ಐತಂತ. ಮೊದಲ ಗಲ್ಲ ಬಡಕೋರಿ."

ಸಾಹುಕಾರರು ನಮ್ಮ ಕಡೆ ನೋಡಿದರು, ಕಲ್ಲಿನ ಕಡೆ ನೋಡಿದರು, ಮೆಲ್ಲಗೆ ಗಲ್ಲ ಬಡಿದುಕೊಂಡರು.

೪. ಸಾಹೇಬರ ಭೇಟಿ

ಸಾಹೇಬರು ಬರುವ ದಿನ ಬಂತು. ಹಸಿರೇನೋ ಇತ್ತು, ಆದರೆ ಸರ್ಕಾರದ ಜಾಗದಲ್ಲಿ ಅಪ್ಪಣೆಯಿಲ್ಲದೆ ಇಷ್ಟೊಂದು ದೇವರು! ಲಾಯಕ್ಕೆ ಇನ್ನೇನು ನೆಪ ಬೇಕು?

"ಯೇ ಕ್ಯಾ ಹೈ? ಇವು ಯಾವ ದೇವರು?" ಎಂದು ಸಾಹೇಬರು ಕಲ್ಲಿಗೆ ಬೆತ್ತ ತೋರಿಸಿದರು.

ಮೂವರೂ ಒಂದೊಂದು ಹೆಜ್ಜೆ ಹಿಂದೆ ಸರಿದದ್ದರಿಂದ ನಾನು ಮುಂದೆ ಬಂದಂತಾಯಿತು. ಆಡಿನಿಂದ ಶುರು ಮಾಡಿದೆ. ಮುಳ್ಳು, ಧೋತರದ ಅಂಚು, ಗೌಡ್ತಿ ಅಜ್ಜಿ, ಎತ್ತು ಎಲ್ಲವನ್ನೂ ಹೇಳಿ, "ಹುಜೂರ್, ಇವು ದೇವರಲ್ಲ, ಬರೇ ಕಲ್ಲು" ಎಂದು ಮುಗಿಸಿದೆ. ಸಾಹೇಬರು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, "ಜಾವ್, ಬಗೀಚಾ ಊರಿಗಿ ಇರಲಿ" ಎಂದರು. ಆಚಾರ್ಯರು ಖುಷಿಯಲ್ಲಿ ಮಡಿ ಮರೆತು ಮಾಲಿ ಚಾಚಾನನ್ನು ಅಪ್ಪಿಕೊಂಡರು.

ಸಾಹೇಬರು ಮಾತ್ರ ಹೊರಡಲಿಲ್ಲ. ನಮ್ಮನ್ನು ಮುಂದೆ ಕಳಿಸಿ, ದೊಡ್ಡ ಬೇವಿನ ಹತ್ತಿರ ನಿಂತರು. ತಿರುಗಿ ನೋಡಿದರೆ ತಾವೇ ಒಂದು ತಂಬಿಗೆ ನೀರು ಸುರಿಯುತ್ತಿದ್ದಾರೆ!

ನಾನು ಓಡಿಹೋಗಿ, "ಹುಜೂರ್, ನಾ ಆಗಲೇ ಹೇಳಿದ್ನಲ್ಲರಿ, ಅದು ಬರೇ ಕಲ್ಲು..." ಎಂದೆ.

"ಕೇಳೇನಿ. ಸುಮ್ಮನಿರ್ರಿ" ಎಂದು ಸಾಹೇಬರು ದನಿ ತಗ್ಗಿಸಿದರು. "ಹೈದರಾಬಾದಿಗೆ ವರ್ಗ ಆಗಬೇಕಾಗೇದ."

ಮಳೆ ಬೀಳುವ ಮೊದಲೇ ಅವರಿಗೆ ಹೈದರಾಬಾದಿಗೇ ವರ್ಗವಾಯಿತು.

ಹೊಸ ಸಾಹೇಬರು ಬಂದ ದಿನ, ಸಾಮಾನು ಇಳಿಸುವ ಮೊದಲೇ ಅವರ ಟಾಂಗಾ ಬಗೀಚೆಯ ಮುಂದೆ ನಿಂತಿತು. ಇಳಿದವರು ಅತ್ತಿತ್ತ ನೋಡಿ, "ಆ ಬೇವಿನ ಗಿಡ ಯಾವುದು?" ಎಂದು ಕೇಳಿದರು.

ಮಾಲಿ ಚಾಚಾ ತುಂಬಿದ ತಂಬಿಗೆಯನ್ನು ಅವರ ಕೈಗೆ ಕೊಟ್ಟು, "ಬರ್ರಿ ಹುಜೂರ್. ತಮಗ ಯಾವ ಊರು ಬೇಕಾಗೇದ್ರಿ?" ಎಂದ.