ಲಂಡನ್ನಿನ ಬೀರುವಿಗೆ ಯಾವ ಬಣ್ಣ?

ಹುಣಸೂರಿನ ಟಾಕೀಸಿಗೆ ಹಿಂದೊಂದು ಗೇಟು ಮಾಡಿಸಿದ್ದೇ ನಮ್ಮ ಸೋದರಮಾವನ ಕಾಟ ತಡೆಯಲಾರದೆ ಎಂದರೆ ನೀವು ನಂಬುವುದಿಲ್ಲ. ನಂಬುವುದೂ ಬೇಡ. ಆದರೆ ಮ್ಯಾಟ್ನಿ ಬಿಟ್ಟ ಮೇಲೆ ಅರ್ಧ ಜನ ಆ ಹಿಂದಿನ ಗೇಟಿನಿಂದ, ಪಂಚೆ ಎತ್ತಿಕೊಂಡು, ಚರಂಡಿ ದಾಟಿ ಓಡುತ್ತಿದ್ದದ್ದು ಮಾತ್ರ ಸತ್ಯ. ಯಾಕೆಂದರೆ ಮುಂದಿನ ಗೇಟಿನಲ್ಲಿ ಸೈಕಲ್ಲನ್ನು ಅಡ್ಡ ನಿಲ್ಲಿಸಿಕೊಂಡು ಮಾವ ಕಾಯುತ್ತಿದ್ದರು!

ಅವರಿಗೆ ಬೇಕಾಗಿದ್ದುದು ಪ್ರೇಕ್ಷಕರ ಅಭಿಪ್ರಾಯ. "ಚೆನ್ನಾಗಿತ್ತು ಕಣಣ್ಣ" ಎಂದು ಹೇಳಿ ಪಾರಾಗಬಹುದು ಅಂದುಕೊಂಡಿರಾ? ಅದನ್ನು ಅವರು ಅಭಿಪ್ರಾಯವೆಂದು ಒಪ್ಪುತ್ತಲೇ ಇರಲಿಲ್ಲ.

"ಚೆನ್ನಾಗಿತ್ತೋ ಬುಡ್ತೋ, ಅದು ಬ್ಯಾಡ. ನೀನು ಎಲ್ಲೆಲ್ಲಿ ನಕ್ಕೆ? ಅದ್ ಹೇಳು."

"ಅದೇ, ಪೋಲೀಸ್ನೋನು ಬಾವಿಗೆ ಬಿದ್ದಾಗ."

"ಬಾವೀಲಿ ನೀರಿತ್ತಾ?"

"ಇತ್ತು ಅನ್ಸ್ತದೆ."

"ಅನ್ಸ್ತದೆ ಅಂದ್ರೇನ್ಲಾ? ಕಣ್ ಬುಟ್ಕಂಡ್ ತಾನೆ ಕೂತಿದ್ದೆ? ಸರಿ ಬುಡು, ಕೊನೇ ಸೀನಲ್ಲಿ ಆ ಎಣ್ಮಗಳು ಉಟ್ಟಿದ್ದ ಸೀರೆ ಯಾವ್ ಬಣ್ಣ?"

ಇಷ್ಟೂ ಕೇಳುವ ಮನುಷ್ಯ ಅದೇ ಆಟದಲ್ಲಿ, ಅದೇ ಸಿನಿಮಾವನ್ನು, ಮುಂದಿನ ಸಾಲಿನಲ್ಲಿ ಕುಳಿತು ರೆಪ್ಪೆ ಬಡಿಯದೆ ನೋಡಿ ಬಂದವರು!

ಮಾವನದು ಕಟ್ಟೆಮಳಲವಾಡಿ. ಬೆಳೆಯುತ್ತಿದ್ದುದು ಹೊಗೆಸೊಪ್ಪು. ಹೊಗೆಸೊಪ್ಪಿನ ಗಿಡದಲ್ಲಿ ಬುಡದ ಎಲೆ ಮೊದಲು ಹಣ್ಣಾಗುತ್ತದೆ, ಅದನ್ನು ಮೊದಲು ಕೀಳಬೇಕು. ಆಮೇಲೆ ನಡುವಿನದು, ಕೊನೆಗೆ ತುದಿಯದು. ಬೆಲೆ ಹೆಚ್ಚು ನಡುವಿನದಕ್ಕೇ. ಈ ಒಂದು ಜ್ಞಾನವನ್ನಿಟ್ಟುಕೊಂಡು ಅವರು ಇಡೀ ಲೋಕಕ್ಕೆ ಗ್ರೇಡ್ ಕೊಡುತ್ತಿದ್ದರು. ಒಳ್ಳೆಯ ಸಿನಿಮಾ, ಒಳ್ಳೆಯ ಎತ್ತು, ಒಳ್ಳೆಯ ತಹಸೀಲ್ದಾರು ಎಲ್ಲವೂ "ನಡು ಎಲೆ". ನಾನು ಯಾವ ಎಲೆ ಎಂದು ಒಮ್ಮೆ ಕೇಳಿದ್ದೆ. "ನೀನಿನ್ನೂ ಪಾತೀಲಿರೋ ಸಸಿ ಕಣ್ಲಾ" ಎಂದಿದ್ದರು. ಆಗ ನನಗೆ ಇಪ್ಪತ್ತೇಳು ವರ್ಷ.

ಮೊದಲೆಲ್ಲ ಅವರು ಅತ್ತೆಯನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಸಿನಿಮಾಕ್ಕೆ ಬರುತ್ತಿದ್ದರು. ಅತ್ತೆಗೆ ಸಕ್ಕರೆ ಕಾಯಿಲೆ ಬಂತು, ಕಣ್ಣು ಮಂಜಾಯಿತು, ಎರಡು ವರ್ಷದಲ್ಲಿ ಪೂರಾ ಹೋಯಿತು. ಅಂದಿನಿಂದ ಮಾವ ಒಬ್ಬರೇ ಬರುತ್ತಿದ್ದರು. ಒಬ್ಬರೇ ಬಂದ ಬೇಸರಕ್ಕೆ ಕಂಡವರನ್ನು ಹಿಡಿದು ಮಾತಾಡಿಸುತ್ತಾರೆ ಎಂದು ನಾನು ತೀರ್ಮಾನಿಸಿದ್ದೆ. ನನ್ನ ತೀರ್ಮಾನಗಳ ಯೋಗ್ಯತೆ ಏನೆಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಒಂದು ಸಲ ಕ್ಲೈಮ್ಯಾಕ್ಸಿನ ಹೊತ್ತಿಗೆ ಮಾವ ಕೆಮ್ಮು ಬಂದು ಹೊರಗೆ ಹೋಗಿದ್ದರಂತೆ. ಆಟ ಬಿಟ್ಟಾಗ ಅಂತರಸಂತೆಯ ಕಡೆಯ ಒಬ್ಬ ಮನುಷ್ಯ ಕೈಗೆ ಸಿಕ್ಕ. ಅವನು ಖಳನಾಯಕ ಬೆಟ್ಟ ಹತ್ತುವ ತನಕ ಹೇಳುವಷ್ಟರಲ್ಲಿ ಕೋಟೆ ಬಸ್ಸು ಬಂತು. ಅವನು ಹತ್ತಿದ. ಮಾವನೂ ಹತ್ತಿದರು! ಖಳನಾಯಕನನ್ನು ಬೆಟ್ಟದಿಂದ ಕೆಳಗೆ ಬೀಳಿಸುವಷ್ಟರಲ್ಲಿ ಎಚ್.ಡಿ. ಕೋಟೆ ದಾಟಿತ್ತು. ಅಂತರಸಂತೆಯ ಸಂತೆಯಲ್ಲಿ ಇಳಿದು, ಒಂದು ಕುಂಬಳಕಾಯಿ ಹಿಡಿದುಕೊಂಡು, ವಾಪಸ್ಸು ಬಸ್ಸಿನಲ್ಲಿ ಬಂದರು. ಸೈಕಲ್ಲು ಟಾಕೀಸಿನ ಗೇಟಿನಲ್ಲೇ ಅಡ್ಡ ನಿಂತಿತ್ತು.

ನನಗೆ ಹೆಣ್ಣು ನೋಡಲು ಪಿರಿಯಾಪಟ್ಟಣಕ್ಕೆ ಹೋದಾಗಲೂ ಅಷ್ಟೇ. ಹಾಡು ಬರುತ್ತದೆಯೇ, ಅಡಿಗೆ ಬರುತ್ತದೆಯೇ ಎಂದು ಎಲ್ಲರೂ ಕೇಳುವ ಪ್ರಶ್ನೆ ಬಿಟ್ಟು, "ತಾಯಿ, ಈಗ ಯಾವ್ ಸಿನಿಮಾ ನೋಡ್ದೆ? ಬುಡದಿಂದ ಹೇಳವ್ವ" ಎಂದರು. ಆ ಹುಡುಗಿಯೋ, ಟೈಟಲ್ಲಿನಿಂದ ಹಿಡಿದು ಶುಭಂ ತನಕ, ಹಾಡುಗಳ ಸಮೇತ ಹೇಳಿದಳು. ಉಪ್ಪಿಟ್ಟು ಆರಿಹೋಯಿತು. ಮಾವ ಪರಮಾನಂದದಿಂದ "ನಡು ಎಲೆ!" ಎಂದು ಘೋಷಿಸಿದರು. ಮಾವನಿಗೆ ಹುಡುಗಿ ಒಪ್ಪಿಗೆಯಾದಳು, ಹುಡುಗಿಗೆ ಮಾವ ಒಪ್ಪಿಗೆಯಾದರು. ಹುಡುಗಿಗೆ ಒಪ್ಪಿಗೆಯಾಗದೆ ಉಳಿದವನು ನಾನೊಬ್ಬನೇ.

ಈಗ ನನ್ನ ವಿಷಯಕ್ಕೆ ಬರೋಣ. ನಾನು ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ, ಗಡ್ಡ ಬಿಟ್ಟು, ಹುಣಸೂರಿನಲ್ಲಿ ಅರೆಕಾಲಿಕ ಮೇಷ್ಟ್ರಾಗಿದ್ದೆ. ಕೆಲಸ ಅರೆಕಾಲಿಕ, ಜಂಬ ಪೂರ್ಣಾವಧಿ. ಊರಿನವರ ಸಿನಿಮಾ ಅಭಿರುಚಿಯನ್ನು ಉದ್ಧಾರ ಮಾಡುವ ಹೊಣೆಯನ್ನು ಯಾರೂ ಕೇಳದಿದ್ದರೂ ಹೊತ್ತುಕೊಂಡಿದ್ದೆ. ವಿಡಿಯೋ ಕ್ಯಾಸೆಟ್ಟು ಹೋಗಿ ಸಿ.ಡಿ. ಬಂದ ಹೊಸತು. ಒಂದು ಚಿತ್ರಕೂಟ ಕಟ್ಟುತ್ತೇನೆ, ತಿಂಗಳಿಗೊಂದು ವಿದೇಶಿ ಸಿನಿಮಾ ತೋರಿಸುತ್ತೇನೆ ಎಂದು ಹೈಸ್ಕೂಲಿನ ಹೆಡ್‌ಮಾಸ್ಟರ ಹಿಂದೆ ಬಿದ್ದೆ. ಅವರು ಕೊನೆಗೆ, "ಒಂದು ಭಾನುವಾರ ಬೆಳಗ್ಗೆ ರೂಮು ಕೊಡ್ತೀನಿ. ಜನ ಒಪ್ಪಿದ್ರೆ ಪ್ರತಿ ತಿಂಗಳೂ ನಿಮ್ದೇ. ಇಲ್ದಿದ್ರೆ ಮತ್ತೆ ಈ ಕಡೆ ತಲೆ ಹಾಕ್ಬಾರ್ದು" ಎಂದರು.

ಜನ ಒಪ್ಪುವುದೆಂದರೆ ಏನು? ಮಾವ ಒಪ್ಪುವುದು! ಅವರು "ಬುಡದೆಲೆ" ಎಂದ ಸಿನಿಮಾಕ್ಕೆ ಪಕ್ಕದ ಗಾವಡಗೆರೆಯ ಒಂದು ನರಪಿಳ್ಳೆಯೂ ಗಾಡಿ ಹತ್ತುತ್ತಿರಲಿಲ್ಲ. ನನ್ನ ಮಾನ, ನನ್ನ ಚಿತ್ರಕೂಟ, ನನ್ನ ಗಡ್ಡ ಎಲ್ಲವೂ ಅವರ ಒಂದು ಮಾತಿನ ಮೇಲೆ ನಿಂತಿದ್ದವು.

ಮೈಸೂರಿನ ಸ್ನೇಹಿತನೊಬ್ಬನಿಂದ ಒಂದು ಬ್ರಿಟಿಷ್ ಸಿನಿಮಾ ತಂದೆ. ಲಂಡನ್ನಿನ ರೌಡಿಗಳ ಕಥೆ, ಆದರೆ ಹಾಸ್ಯ. ಎರಡು ಸಿ.ಡಿ.ಗಳಲ್ಲಿ ಇತ್ತು. "ನಾನು ಮೂರು ಸಲ ನೋಡಿದ್ದೇನೆ, ಅದ್ಭುತ!" ಎಂದು ಊರಿಗೆಲ್ಲ ಸಾರಿದೆ. ಒಂದು ಸಲವೂ ನೋಡಿರಲಿಲ್ಲ.

ಭಾನುವಾರ ಮೂವತ್ತು ಜನ ಬಂದರು. ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕುಳಿತರು. ಸಿನಿಮಾ ಶುರುವಾಯಿತು. ಶುರುವಾಗುತ್ತಲೇ ನಾಲ್ಕು ಜನ ರೌಡಿಗಳು ಒಂದು ದೊಡ್ಡ ಮರದ ಬೀರುವನ್ನು ಹೊತ್ತುಕೊಂಡು ಓಡುತ್ತಿದ್ದರು. ಯಾಕೆ ಓಡುತ್ತಿದ್ದರು? ಯಾರದು ಬೀರು? ಯಾರಿಗೆ ಗೊತ್ತು! ಅವರಾಡುವ ಇಂಗ್ಲಿಷು ನಾನು ಮಕ್ಕಳಿಗೆ ಪಾಠ ಮಾಡುವ ಇಂಗ್ಲಿಷಾಗಿರಲಿಲ್ಲ. ನನಗೆ ತಿಳಿದದ್ದು ಯೆಸ್, ನೋ ಮತ್ತು ಒಂದೆರಡು ಬೈಗುಳ. ಆದರೂ ಸರಿಯಾಗಿ ಅರ್ಥವಾದವನಂತೆ ಆಗಾಗ "ಹ್ಹ ಹ್ಹ" ಎಂದು ನಗುತ್ತಿದ್ದೆ. ನಾನು ನಕ್ಕಾಗ ಹೆಡ್‌ಮಾಸ್ಟರು ನಗುತ್ತಿದ್ದರು, ಹೆಡ್‌ಮಾಸ್ಟರು ನಕ್ಕಾಗ ಉಳಿದವರು.

ಒಂದು ಗಂಟೆಯಾಗುತ್ತಲೇ ದೊಡ್ಡ ರೌಡಿ ಗುಂಡು ತಿಂದು ಸತ್ತ. ಬೀರುವಿನ ಬಾಗಿಲು ತೆರೆಯಿತು, ಒಳಗಿನಿಂದ ಯಾರೋ ಒಬ್ಬ, ಆಮೇಲೆ ತಿಳಿದಂತೆ ಅವನ ಭಾವಮೈದುನ, ಆಕಳಿಸುತ್ತ ಹೊರಗೆ ಬಂದ. ಸಾಲುಸಾಲಾಗಿ ಹೆಸರುಗಳು ಬಂದವು. ನಾನು ಎರಡನೇ ಸಿ.ಡಿ. ಹಾಕಿದೆ. ಈಗ ಸಿನಿಮಾದ ಟೈಟಲ್ಲು ಬಂತು! ಸತ್ತಿದ್ದ ದೊಡ್ಡ ರೌಡಿ ಅಡಿಗೆಮನೆಯಲ್ಲಿ ಕುಳಿತು ಆರಾಮವಾಗಿ ಟೀ ಕುಡಿಯುತ್ತಿದ್ದ!

ರೂಮಿನಲ್ಲಿ ಗುಸುಗುಸು ಎದ್ದಿತು. ನಾನು ಎದ್ದು ನಿಂತು, "ದಯವಿಟ್ಟು ಶಾಂತವಾಗಿರಿ. ಇದು ಹೊಸ ತಂತ್ರ. ನಿರ್ದೇಶಕ ಕಾಲವನ್ನು ಒಡೆದಿದ್ದಾನೆ" ಎಂದೆ. ಕಾಲವನ್ನು ಒಡೆದಿದ್ದಾನೆ! ಈ ಮಾತು ನೆನಪಾದಾಗ ಈಗಲೂ ಸ್ನಾನದ ಮನೆಯಲ್ಲಿ ಒಬ್ಬನೇ ನಾಚಿಕೊಳ್ಳುತ್ತೇನೆ. ಸಿನಿಮಾ ಒಂದು ಕಾರು ಓಡುತ್ತಿರುವಾಗಲೇ ಗಕ್ಕನೆ ನಿಂತು ಪರದೆ ನೀಲಿಯಾಯಿತು. "ಮುಂದಿನದು ಪ್ರೇಕ್ಷಕರ ಕಲ್ಪನೆಗೆ" ಎಂದು ವಿವರಿಸಿ ಚಪ್ಪಾಳೆ ತಟ್ಟಿದೆ.

ಅಭಿಪ್ರಾಯದ ಹೊತ್ತು ಬಂತು. ಕೆ.ಆರ್. ನಗರದಿಂದ ಬಂದಿದ್ದ ನಿವೃತ್ತ ಪೋಸ್ಟ್‌ಮಾಸ್ಟರು ಎದ್ದು, "ಬ್ರಿಟಿಷರೂ ಪುನರ್ಜನ್ಮ ನಂಬ್ತಾರೆ ಅಂತ ನನಗೆ ಇವತ್ತು ಗೊತ್ತಾಯ್ತು, ಬಹಳ ಸಂತೋಷ" ಎಂದರು. ಮೆಡಿಕಲ್ ಸ್ಟೋರಿನವರು, "ಅಷ್ಟು ದೂರ ಬೀರು ಹೊತ್ರೂ ಒಬ್ಬನಿಗೂ ಸೊಂಟ ಹಿಡೀಲಿಲ್ಲ, ಅದೊಂದು ನಂಬಕ್ಕಾಗಲ್ಲ" ಎಂದರು. ಆಮೇಲೆ ಮಾವ ಎದ್ದರು.

"ಹೆಡ್‌ಮಾಸ್ಟ್ರೇ, ಬೀರುಗೆ ಯಾವ್ ಬಣ್ಣ ಇತ್ತು?"

"ಕಂದು, ಅಲ್ವೇ?"

"ನಂಗೂ ಅಂಗೇ ಕಾಣ್ತು. ಸರಿ." ಆಮೇಲೆ ನನ್ನ ಕಡೆ ತಿರುಗಿದರು. "ಅಳಿಯ, ಸಿನಿಮಾ ನಡು ಎಲೇನೇ. ಆದ್ರೆ ನೀನು ತುದಿ ಎಲೆ ಮೊದ್ಲು ಕಿತ್ತು, ಬುಡದ್ದು ಆಮೇಲ್ ಕಿತ್ತಂಗದೆ ಕಣ್ಲಾ. ಒಂದ್ಸಲ ನೋಡು."

ಮೂವತ್ತು ಜನ ನನ್ನನ್ನು ನೋಡಿದರು. ನಾನು ನಕ್ಕೆ, ಗಡ್ಡ ನೀವಿಕೊಂಡೆ. "ಮಾವ, ಇದು ಹೊಗೆಸೊಪ್ಪಲ್ಲ, ಕಲೆ. ಇದಕ್ಕೆ ಸ್ವಲ್ಪ ಓದು ಬೇಕಾಗುತ್ತೆ" ಎಂದೆ. ಜನ ಗೊಳ್ಳೆಂದು ನಕ್ಕರು. ಮಾವ "ಇರ್ಬೋದು ಬುಡು" ಎಂದು ಹೇಳಿ, ಸೈಕಲ್ಲು ಹತ್ತಿ ಹೊರಟುಬಿಟ್ಟರು. ಹೆಡ್‌ಮಾಸ್ಟರು ನನ್ನ ಕೈ ಕುಲುಕಿ ರೂಮು ನಿಮ್ಮದೇ ಎಂದರು.

ಎಲ್ಲರೂ ಹೋದ ಮೇಲೆ ಸಿ.ಡಿ.ಗಳನ್ನು ಒರೆಸಿ ಡಬ್ಬಿಗೆ ಹಾಕುತ್ತಿದ್ದೆ. ನಾನು ಮೊದಲು ಹಾಕಿದ್ದ ಸಿ.ಡಿ.ಯ ಅಂಚಿನಲ್ಲಿ ಸಣ್ಣದಾಗಿ ಎರಡು ಎಂದು ಬರೆದಿತ್ತು. ಆಮೇಲೆ ಹಾಕಿದ್ದರ ಮೇಲೆ ಒಂದು.

ಕಾಲವನ್ನು ಒಡೆದವನು ನಿರ್ದೇಶಕನಲ್ಲ, ನಾನು!

ಮಧ್ಯಾಹ್ನದ ಬಸ್ಸು ಹಿಡಿದು ಕಟ್ಟೆಮಳಲವಾಡಿಗೆ ಓಡಿದೆ. ಕ್ಷಮೆ ಕೇಳಲು ಎಂದುಕೊಂಡಿರಾ? ಇಲ್ಲ ಸ್ವಾಮಿ, ವಿಷಯ ಊರೊಳಗೆ ಹರಡದಂತೆ ಮಾವನ ಬಾಯಿ ಮುಚ್ಚಿಸಲು! ಮನೆಯ ಹತ್ತಿರ ಹೋಗುತ್ತಲೇ ಅತ್ತೆಯ ನಗು ಕೇಳಿಸಿತು. ಅತ್ತೆ ಜಗಲಿಯ ಮೇಲೆ ಕುಳಿತು ಬೆರಳಿನಿಂದಲೇ ತಡವಿ ನೋಡಿಕೊಂಡು ಹಸಿ ಹೊಗೆಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟುತ್ತಿದ್ದರು. ಮಾವ ಪಕ್ಕದಲ್ಲಿ ಕುಳಿತು ಒಂದೊಂದೇ ಎಲೆ ಕೊಡುತ್ತ ಕಥೆ ಹೇಳುತ್ತಿದ್ದರು. ನಾನು ಗೋಡೆಯ ಮರೆಯಲ್ಲಿ ನಿಂತೆ.

"ದೊಡ್ಡ ರೌಡಿ ಅಡಿಗೆಮನೇಲಿ ಟೀ ಕುಡೀತಾ ಇದ್ದ. ಕದ್ದ ವಜ್ರದ ಅರಳೆಲ್ಲ ಬೀರೂಲಿ ಮಡ್ಗವ್ನೆ. ಅವನ ಭಾವಮೈದ ಅದ್ನ ಲಪಟಾಯ್ಸಕ್ಕೆ ಅಂತ ಬೀರೊಳಕ್ಕೋದ. ಓದೋನು ಅಲ್ಲೇ ನಿದ್ದೆ ಓಗ್ಬುಟ್ಟ!"

"ಥೂ, ನಿಮ್ ತಮ್ಮನಂಗೆ!"

"ಅಂಗೇ ಕಣೆ! ಅಷ್ಟ್ರಲ್ಲಿ ರೌಡಿ ಎಂಡ್ರು ಬೀರು ಅಳೇದಾಯ್ತು ಅಂತ ದಾನ ಕೊಟ್ಬುಟ್ಳು. ನಾಕ್ ಜನ ಒತ್ಕಂಡ್ ಓಡ್ತಾವ್ರೆ, ಒಳಗೆ ಇವ್ನು ಗೊರಕೆ ಒಡೀತಾವ್ನೆ. ಮೆಡಿಕಲ್ಲಿನೋರು ಒಬ್ಬನಿಗೂ ಸೊಂಟ ಹಿಡೀಲಿಲ್ವಲ್ಲ ಅಂದ್ರು."

"ಬೀರು ಯಾವ್ ಬಣ್ಣ?"

"ಕಂದು. ಹೆಡ್‌ಮಾಸ್ಟ್ರನ್ನೂ ಕೇಳ್ದೆ. ಕೊನೇಗೆ ದೊಡ್ಡ ರೌಡಿ ಗುಂಡ್ ತಿಂದು ಸತ್ತ, ಆವಾಗ ಇವ್ನು ಆಕಳುಸ್ತಾ ಬೀರಿಂದ ಎದ್ ಬಂದ."

ಆ ಸಿನಿಮಾ ನನಗೆ ಮೊದಲ ಸಲ ಅರ್ಥವಾದದ್ದು ಆ ಗೋಡೆಯ ಮರೆಯಲ್ಲಿ, ಕೋಳಿಗಳ ಪಕ್ಕ ನಿಂತು. ಒಂದಕ್ಷರ ಇಂಗ್ಲಿಷು ತಿಳಿಯದ ಮನುಷ್ಯ ನಾನು ಕಲಸಿಹಾಕಿದ್ದನ್ನೆಲ್ಲ ಬಿಡಿಸಿ, ಬುಡದ್ದನ್ನು ಬುಡಕ್ಕೆ, ತುದಿಯದನ್ನು ತುದಿಗೆ ಇಟ್ಟು, ಮನೆಗೆ ತಂದಿದ್ದರು. ಗೇಟಿನಲ್ಲಿ ನಿಂತು ಕೇಳುತ್ತಿದ್ದ ಸೀರೆಯ ಬಣ್ಣ, ಬಾವಿಯ ನೀರು, ನಕ್ಕ ಜಾಗ, ಎಲ್ಲವೂ ಯಾರಿಗೆ ಎಂದು ನನಗೆ ಆಗ ಗೊತ್ತಾಯಿತು.

"ನಮ್ ಹುಡುಗ ಚೆನ್ನಾಗ್ ತೋರ್ಸುದ್ನಾ?" ಎಂದು ಅತ್ತೆ ಕೇಳಿದರು.

ನಾನು ಗೋಡೆಗೆ ಇನ್ನಷ್ಟು ಒತ್ತಿಕೊಂಡು ನಿಂತೆ.

"ಬೋ ಚೆನ್ನಾಗ್ ತೋರ್ಸ್ದ ಕಣೆ. ಜನ ಚಪ್ಪಾಳೆ ಒಡುದ್ರು."

ಇನ್ನು ನಿಂತಿರಲಾಗಲಿಲ್ಲ. ಮುಂದೆ ಬಂದು, "ಅತ್ತೆ, ನಾನು ಸಿ.ಡಿ. ಹಿಂದುಮುಂದು ಹಾಕ್ಬಿಟ್ಟೆ. ಮಾವ ಹೇಳಿದ್ರು, ಎಲ್ಲರ ಎದುರಿಗೆ ಅವರನ್ನೇ ಆಡಿಕೊಂಡು ನಕ್ಕೆ" ಎಂದೆ. ಅತ್ತೆ ನನ್ನ ದನಿಯ ಕಡೆ ಮುಖ ತಿರುಗಿಸಿದರು. ಆಮೇಲೆ ಮಡಿಲಿನ ಸೊಪ್ಪೆಲ್ಲ ಚೆಲ್ಲುವಂತೆ ನಕ್ಕರು. "ಅಂಗಾರೆ ಸತ್ತೋನು ಎದ್ದು ಟೀ ಕುಡುದ್ನೇನ್ಲಾ? ಅದ್ನ ಮೊದ್ಲು ಹೇಳು!" ಮಾವ ಮಾತ್ರ ನನ್ನನ್ನು ನೋಡಿ, "ಬಂದಿದ್ದೀಯ, ಕೂತ್ಕೋ, ಎಲೆ ಕೊಡು" ಎಂದರು. ಅಂದು ಸಂಜೆಯ ತನಕ ಎಲೆ ಕೊಟ್ಟೆ.

ಅತ್ತೆ ಆಮೇಲೆ ನಾಲ್ಕು ವರ್ಷ ಇದ್ದರು. ಅವರು ಹೋದ ಮೇಲೆ ಮಾವ ಟಾಕೀಸಿನ ಕಡೆ ಬರಲಿಲ್ಲ. ಹಿಂದಿನ ಗೇಟಿಗೆ ತುಕ್ಕು ಹಿಡಿಯಿತು. ವರ್ಷ ಕಳೆದ ಮೇಲೆ ನಾನೇ ಬಲವಂತ ಮಾಡಿ ಒಂದು ಮ್ಯಾಟ್ನಿಗೆ ಕರೆದುಕೊಂಡು ಹೋದೆ. ಆಟ ಬಿಟ್ಟಿತು. ಮಾವ ಅಭ್ಯಾಸಬಲದಿಂದ ಗೇಟಿನಲ್ಲಿ ನಿಂತರು. ಒಬ್ಬನ ತೋಳು ಹಿಡಿದರು, ಬಾಯಿ ತೆರೆದರು. ಆಮೇಲೆ ತೋಳು ಬಿಟ್ಟು, ಏನೂ ಕೇಳದೆ, ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು.

ನಾನು ಹಿಂದೆ ಓಡಿದೆ. "ಮಾವ, ಕೊನೆಯ ಸೀನಿನಲ್ಲಿ ಅವಳುಟ್ಟಿದ್ದ ಸೀರೆ ಗಿಳಿಹಸಿರು. ಅಂಚು ಕೆಂಪು. ನಾನು ಎರಡು ಕಡೆ ನಕ್ಕೆ. ಆ ಮುದುಕಿ ಎಮ್ಮೆಗೆ ಕನ್ನಡಕ ಹಾಕ್ತಾಳಲ್ಲ, ಅಲ್ಲೊಂದು ಸಲ..."

ಮಾವ ನಿಂತರು. ತಿರುಗಿ ನೋಡಲಿಲ್ಲ. ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. ಕಟ್ಟೆಮಳಲವಾಡಿಯ ಬಸ್ಸು ಬಂದು, ಜನ ಹತ್ತಿಸಿಕೊಂಡು, ಹೊರಟೂ ಹೋಯಿತು.

"ಅಂಗಲ್ಲ ಕಣ್ಲಾ," ಎಂದು ಮಾವ ಕಲ್ಲುಬೆಂಚಿನ ಮೇಲೆ ಕುಳಿತು ಪಕ್ಕದಲ್ಲಿ ಜಾಗ ಮಾಡಿದರು, "ಬುಡದಿಂದ ಹೇಳು."

ನಾನು ಟೈಟಲ್ಲಿನಿಂದ ಶುರು ಮಾಡಿದೆ.