ಶಿವಯೋಗಪ್ಪನವರ ತಾಳದ ಪೆಟ್ಟಿಗೆ

ಶಿವಯೋಗಪ್ಪನವರ ಕಂಠಕ್ಕೇನೂ ಕೊರತೆಯಿರಲಿಲ್ಲ. ತಾಳ ಮಾತ್ರ ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡುತ್ತಿತ್ತು. "ತಾಳ ನೆಟ್ಟಗೆ ನಿಂತ್ರೆ ಮಾತ್ರ ಸಂಜೆ ನೀವೊಬ್ರೇ ವಚನ ಹಾಡೋದು," ಎಂದು ಸಂಗೀತದ ಮೇಡಂ ಜಗದಾಂಬಾ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಅಂದು ಸಂಜೆ ಭದ್ರಾವತಿಯ ನ್ಯೂಟೌನಿನಲ್ಲಿ ಮೇಡಂ ಅವರ ಸಂಗೀತ ಶಾಲೆಯ ವಾರ್ಷಿಕೋತ್ಸವ. ನಾನು ಹಾಡುತ್ತೇನೆ ಬನ್ನಿ ಎಂದು ಶಿವಯೋಗಪ್ಪ ಬೀಗರನ್ನೂ ಕರೆದಾಗಿತ್ತು. ಹಾಡದಿದ್ದರೆ ಮರ್ಯಾದೆ ಉಳಿಯುತ್ತಿರಲಿಲ್ಲ.

ಅದಕ್ಕೇ ಗುಜರಿ ಅಂಗಡಿಯಿಂದ ತಾಳ ಎಣಿಸುವ ಹಳೆಯ ಮೆಟ್ರೊನೋಮ್ ತಂದಿದ್ದರು. ಗೋಪುರದಂಥ ಮರದ ಪೆಟ್ಟಿಗೆ. ಕೀಲಿ ಕೊಟ್ಟರೆ ಕಡ್ಡಿ ಅತ್ತಿತ್ತ ಆಡುತ್ತ ಟಿಕ್ ಟಿಕ್ ಎನ್ನುತ್ತದೆ. ಇನ್ನೂರು ವರ್ಷಗಳಿಂದ ಯುರೋಪಿನಲ್ಲಿ ಪಿಯಾನೊ ಕಲಿಯುವವರನ್ನು ಹದ್ದುಬಸ್ತಿನಲ್ಲಿಟ್ಟ ಯಂತ್ರ. ನಮ್ಮವರು ಈ ಕೆಲಸಕ್ಕೆ ತೊಡೆಯನ್ನೇ ನಂಬಿಕೊಂಡವರು. ಕೀಲಿ ಬೇಡ, ಎಣ್ಣೆ ಬೇಡ. ಆದರೆ ಶಿವಯೋಗಪ್ಪನವರ ತೊಡೆಗೆ ಅಷ್ಟು ಯೋಗ್ಯತೆ ಇರಲಿಲ್ಲ, ಪಾಪ.

ನವುಲೆಯ ಮನೆಯಲ್ಲಿ ಅವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೆಂಡತಿ ಜಯಾ ಹೊಸ ಯಂತ್ರಕ್ಕೆ ಪೂಜೆಯನ್ನೂ ಮುಗಿಸಿದ್ದರು. ವಿಭೂತಿ ಬಳಿದು, ಕಡ್ಡಿಯ ತುದಿಗೆ ಸೇವಂತಿಗೆ ಕಟ್ಟಿದ್ದರು. ಹೂವಿನ ಭಾರಕ್ಕೆ ಕಡ್ಡಿ ತೂಕಡಿಸುತ್ತ ಆಡಿತು. ಅದರ ಜೊತೆ ಒಂದು ಸಾಲು ಹಾಡುವಷ್ಟರಲ್ಲಿ ಶಿವಯೋಗಪ್ಪನವರ ಉಸಿರು ಕಟ್ಟಿತು.

"ಹೂ ತೆಗೀತೀನಿ ಕಣೆ."

"ಪೂಜೆ ಮಾಡಿದ ದಿನ ತೆಗೀಬಾರ್ದು ರೀ. ಏನಾದ್ರೂ ಆದ್ರೆ ನನ್ನ ಕೇಳ್ಬೇಡಿ."

ಕಡ್ಡಿಯ ಮೇಲೆ ಸರಿಸಿ ವೇಗ ಹೆಚ್ಚಿಸುವ ಗುಂಡು ತುಕ್ಕು ಹಿಡಿದು ಜಗ್ಗಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಫಿಟ್ಟರ್ ಷಣ್ಮುಖಪ್ಪ ಬಂದರು. "ಇಳಿಜಾರು ಕೊಟ್ರೆ ಸ್ಪೀಡ್ ಬರುತ್ತೆ ಮಾರಾಯ," ಎಂದು ಪೆಟ್ಟಿಗೆಯ ಒಂದು ಬದಿಗೆ ಪೇಪರ್ ಮಡಚಿ ಇಟ್ಟರು. ಒಂದು ಟಿಕ್ ಬೇಗ ಬಂತು, ಇನ್ನೊಂದು ಕುಂಟಿಕೊಂಡು ಬಂತು.

"ಇದು ಕುಂಟ್ತಾ ಇದೆಯಲ್ಲೋ."

"ನೀನೂ ಕುಂಟ್ಕೊಂಡೇ ಹಾಡು. ಸರಿ ಹೋಗುತ್ತೆ."

ಶಿವಯೋಗಪ್ಪನವರಿಗೆ ತಲೆ ಕೆಟ್ಟಿತು. ಪೇಪರ್ ಕಿತ್ತೆಸೆದು, ಷಣ್ಮುಖಪ್ಪನವರನ್ನು ಸಾಗಹಾಕಿ, ಹಾಡುವುದನ್ನೇ ಬಿಟ್ಟು ಟಿಕ್ಕಿಗೆ ಸರಿಯಾಗಿ ತೊಡೆ ತಟ್ಟುತ್ತ ಕೂತರು. ಊಟಕ್ಕೂ ಏಳಲಿಲ್ಲ. ಭದ್ರಾವತಿ ಬಸ್ಸಿನಲ್ಲೂ ಕೈ ನಿಲ್ಲಲಿಲ್ಲ. "ಸೊಳ್ಳೆನಾ ಸಾರ್?" ಎಂದು ಕಂಡಕ್ಟರ್ ವಿಚಾರಿಸಿದ.

ಸಭಾಂಗಣದಲ್ಲಿ ಜಗದಾಂಬಾ, "ಎಲ್ಲಿ, ಹಾಕಿ ನೋಡೋಣ," ಎಂದರು. ಶಿವಯೋಗಪ್ಪ ತಾಳ ಹಾಕಿದರು. ಒಂದು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

"ಈ ಕೈನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?"

ಸಂತೋಷಕ್ಕೆ ಶಿವಯೋಗಪ್ಪನವರ ಕಣ್ಣಲ್ಲಿ ನೀರೇ ಬಂತು. "ಹಾಗಾದ್ರೆ ಹಾಡ್ಬಹುದಾ ಮೇಡಂ?"

"ಹಾಡೋಕೆ ಬೇಕಾದಷ್ಟು ಜನ ಇದಾರೆ ಬಿಡಿ. ತಾಳ ಹಾಕೋರೇ ಸಿಗಲ್ಲ."

ಅವರನ್ನು ವೇದಿಕೆಯ ನಟ್ಟನಡುವೆ ಕೂರಿಸಿದರು. ಬಂದವರೆಲ್ಲ ಹಾಡಿದರು, ಇವರು ಹಾಡಬೇಕಿದ್ದ ವಚನವನ್ನೂ ಯಾರೋ ಹಾಡಿದರು. ಶಿವಯೋಗಪ್ಪ ತೊಡೆ ತಟ್ಟಿದರು. ಒಂದು ಹಾಡಿನ ನಡುವೆಯೇ ಜಗದಾಂಬಾ ಮೈಕ್ ಹಿಡಿದು, "ಇನ್ಮೇಲೆ ಪ್ರತಿ ವರ್ಷ ತಾಳ ಇವರದ್ದೇ," ಎಂದು ಸಾರಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಬೀಗರು. ಅವರಿಗೆ ಕೈ ಮುಗಿಯೋಣವೆಂದರೆ ಹಾಡು ಇನ್ನೂ ಮುಗಿದಿರಲಿಲ್ಲ.